ರಾಚಪ್ಪನಿಗೊಂದು ಮನೆ

ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಸೋಮನಿಂಗನಷ್ಟು ಮೆತ್ತಗೆ ಮಾತಾಡುವ ಶಿಷ್ಯ ಇನ್ನೊಬ್ಬನಿರಲಿಲ್ಲ. ಅವನ ಬಾಡಿಗೆದಾರನ ಹೆಸರು ಎತ್ತುವ ತನಕ ಅಷ್ಟೇ!

ಊರಲ್ಲಿ ಅವನಿಗೆ ಅಪ್ಪನ ಕಾಲದ ಮನೆಯೊಂದಿತ್ತು. ಅದರಲ್ಲಿ ರಾಚಪ್ಪ ಇದ್ದ. ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಬೆಳಗಾದರೆ ಊದುವುದು, ಯಾರಾದರೂ ಯಾಕೆಂದು ಕೇಳಿದರೆ ಜಗಳಕ್ಕೆ ನಿಲ್ಲುವುದು. ಮನೆ ಬಿಡು ಎಂದರೆ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಒಂದು ದಿನ ಸೋಮನಿಂಗ ಗುರುಗಳ ಮುಂದೆ ಬಂದು ಕೂತ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

“ಅಜ್ಜಾರ, ಗಂಡ ತೀರಿಕೊಂಡ ಮ್ಯಾಲ ನಮ್ಮಕ್ಕ ನೀಲವ್ವನ್ನ ಅತ್ತಿಮನಿಯವರು ಹೊರಗ ಹಾಕ್ಯಾರ್ರಿ. ಮಕ್ಕಳನ್ನ ಕಟಗೊಂಡು ಮಂದಿ ಪಡಸಾಲ್ಯಾಗ ಮಲಗತಾಳ. ಮಠಕ್ಕ ಬಾ ಅಂದ್ರ ಒಲ್ಲೆ, ಅಪ್ಪನ ಮನಿನ ಬೇಕಂತಾಳ. ಅಲ್ಲಿ ನೋಡಿದ್ರ ಆ ರಾಚ ಕಾಲ್ಚಾಚಿ ಕುಂತಾನ. ನೀವ ಕರೆಸಿ ಗದರಸ್ರಿ.”

“ಯಾಕ ಬಿಡವಲ್ಲಂತ?”

“ಎಲ್ಲೂ ಮನಿ ಸಿಗವಲ್ದಂತ. ಬರೇ ನೆಪಾ ರೀ!”

“ಹಂಗಾರ ನೀನ ಒಂದು ಹುಡುಕಿ ಕೊಡು.”

“ನಾನು? ಆ ಖೋಡಿಗೆ?”

ಅಜ್ಜಾರು ಆಗಲೇ ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗಿದ್ದರು.

ಬಳೆ ಅಂಗಡಿಯ ಶಾಂತವೀರಪ್ಪನ ಅಟ್ಟದ ಮನೆ ಖಾಲಿಯಿತ್ತು. ಬೇಕಾಗಿರುವುದು ರಾಚಪ್ಪನಿಗೆ ಎಂದು ಕೇಳಿದ್ದೇ ಅವನು ಬಿದ್ದು ಬಿದ್ದು ನಕ್ಕ.

“ಏ ಸೋಮನಿಂಗ, ದಿನಾ ಕುಡುದು ಬಂದು ಬಾಗಲಾ ಒದೀತಾನ ಅಂತ ನೀನ ಹೇಳಿದ್ದ್ಯಲ್ಲೋ!”

ಹಿಂದಿನ ಓಣಿಯ ಮುದುಕಿ ಅರ್ಧ ಬಾಗಿಲು ತೆರೆದಳು. “ಆಂವ ಕಳ್ಳ ಅಂತ ನಿನ್ನ ಬಾಯಿಂದನ ಕೇಳೇನಪಾ,” ಎಂದು ಹಾಗೇ ಮುಚ್ಚಿದಳು.

ಮುಂದಿನ ಮನೆಗೆ ಅವನು ಹೋಗಲೇ ಇಲ್ಲ. ಅಲ್ಲಿ ತಾನು ಏನು ಹೇಳಿದ್ದೆ ಎಂದು ದಾರಿಯಲ್ಲೇ ನೆನಪಾಯಿತು. ನೇರ ಮಠಕ್ಕೆ ಮರಳಿದ.

“ಅಜ್ಜಾರ, ಸಿಟ್ಟಿನಾಗ ಏನೇನೋ ಅಂದಿದ್ದೆರಿ. ಆಂವ ಕುಡಿಯಂಗಿಲ್ಲ. ಕಳ್ಳನೂ ಅಲ್ಲ.”

“ಮತ್ತ ಆಂವ ಎಲ್ಲಿಗೆ ಹೋಗಬೇಕಿತ್ತಪಾ?”

ಸೋಮನಿಂಗನಿಗೆ ನಾಚಿಕೆಯಿಂದ ಅಳುವೇ ಬಂತು. “ಈಗೇನ್ ಮಾಡ್ಲಿರಿ?”

“ಅವೇ ಬಾಗಲಿಗೆ ಹೋಗು. ಖರೇ ಎಷ್ಟೈತೋ ಅಷ್ಟ ಹೇಳು. ಹೊಗಳಾಕ ಹೋಗಬ್ಯಾಡ ಮತ್ತ.”

ಹೋದ. ಕೆಲವರು ಬೈದರು. ಕೆಲವರು ಚಹಾ ಕೊಟ್ಟು ಆಮೇಲೆ ಬೈದರು. ಮನೆ ಮಾತ್ರ ಯಾರೂ ಕೊಡಲಿಲ್ಲ. ಕೊನೆಗೆ ಹಿಟ್ಟಿನ ಗಿರಣಿಯ ಕಾಶವ್ವನ ಹತ್ತಿರ ಬಂದ. ಗಿರಣಿಯ ಹಿಂದೆ ಅವಳದೊಂದು ಮನೆ ಖಾಲಿಯಿತ್ತು.

“ತುತ್ತೂರಿ ಊದತಾನವ್ವ. ಜಗಳಾನೂ ಮಾಡತಾನ. ಆದ್ರ ಕುಡಿಯಂಗಿಲ್ಲ, ಮಂದಿ ಸಾಮಾನು ಮುಟ್ಟಂಗಿಲ್ಲ. ಉಳಿದದ್ದೆಲ್ಲಾ ನಾ ಹೇಳಿದ ಸುಳ್ಳು.”

“ಗಿರಣಿ ಸಪ್ಪಳದಾಗ ನನ್ನ ಮಾತ ನನಗ ಕೇಳಸಂಗಿಲ್ಲ. ಆಂವ ಊದಿದ್ರೇನು, ಬಿಟ್ರೇನು! ಬರ್ಲಿ ತಗೋ,” ಎಂದಳು ಕಾಶವ್ವ.

ರಾಚಪ್ಪ ಅಂದೇ ಸಾಮಾನು ಕಟ್ಟಿದ. ಕಬ್ಬಿಣದ ಟ್ರಂಕನ್ನು ಹೊಸ್ತಿಲ ತನಕ ಎಳೆದು ತಂದು, ಹೊರಗಿದ್ದ ಸೋಮನಿಂಗನ ಮುಂದೆ ನಿಂತ.

“ಎಲ್ಲಿ ಹೋದ್ರೂ ನಾಯಿ ಅಟ್ಟಿಸಿದಂಗ ಅಟ್ಟಸ್ತಿದ್ರು. ಯಾಕಂತ ತಿಳೀಲಿಲ್ಲ ನೋಡು ನನಗ.”

ಸೋಮನಿಂಗ ಸುಮ್ಮನಿದ್ದರೆ ನಡೆಯುತ್ತಿತ್ತು, ಮನೆ ಹೇಗೂ ಖಾಲಿಯಾಗುತ್ತಿತ್ತು.

“ನಾನ ಹಂಗ ಹೇಳಿಕೋತ ಹೊಂಟಿದ್ದೆ, ರಾಚಪ್ಪ. ತಪ್ಪಾತು.”

ರಾಚಪ್ಪ ಬಾಯ್ತುಂಬ ಒಂದು ಬೈಗುಳ ಬೈದ. ಆಮೇಲೆ, “ಹಿಡಿ ಆ ಕಡೆ,” ಎಂದ. ಇಬ್ಬರೂ ಟ್ರಂಕು ಹೊತ್ತುಕೊಂಡು ಗಿರಣಿಯ ಕಡೆ ನಡೆದರು.

ಮರುದಿನ ನೀಲವ್ವ ಅಪ್ಪನ ಮನೆಯಲ್ಲಿ ಹಾಲುಕ್ಕಿಸಿದಳು. ಮಕ್ಕಳು ಅಂಗಳದ ತುಂಬ ಓಡಾಡಿದವು. ಸೋಮನಿಂಗ ಒಂದು ಬೋಗುಣಿ ಪಾಯಸ ಹಿಡಿದು ಮಠಕ್ಕೆ ಬಂದ. ಮುಖದಲ್ಲಿ ನಗು ತಡೆಯಲಾರದಷ್ಟು ಇತ್ತು.

“ಅಜ್ಜಾರ, ಮುಂದಿನ ಖೋಲಿ ಬಾಡಿಗಿ ಕೊಡೂಣು ಅಂತಾಳ್ರಿ ಅಕ್ಕ. ಒಬ್ಬ ಮಾಸ್ತರ ಕೇಳಾಕತ್ತಾರ. ಮನಷ್ಯಾ ಹೆಂಗ ಅಂತ ಅವರ ಹಳೇ ಮಾಲಕನ್ನ ಕೇಳಿ ಬರ್ಲಿ ಏನ್ರಿ?”

ಅಜ್ಜಾರು ಪಾಯಸ ಉಂಡು ಬೆರಳು ನೆಕ್ಕಿಕೊಂಡರು.

“ಕೇಳಪಾ. ಆದ್ರ ಆ ಮಾಲಕ ನಿನ್ನಂಗ ಒಂದ್ಸಲ ಖರೇ ಹೇಳಿಕೋತ ಮನಿಮನಿ ತಿರುಗಿ ಬಂದಾನೋ ಇಲ್ಲೋ, ಮೊದಲ ಅದನ್ನ ಕೇಳು.”