ಗೋಡೆಯ ಆಚೆ ಬದಿ

"ನಿನ್ನ ಕೈಲೆ ಆಗಂಗಿಲ್ಲ" ಎಂದು ಹಾಲವ್ವನಿಗೆ ಮೊದಲು ಹೇಳಿದವನು ಅವಳ ಒಡಹುಟ್ಟಿದ ಅಣ್ಣ. ಅವಳು ಇದ್ದಿಲು ಹಿಡಿದು ಒಲೆಯ ಮುಂದೆ ಅಕ್ಷರ ತೀಡುತ್ತಿದ್ದಳು. ಯಾರೂ ಕಲಿಸದೆ ಓದಲು ಕಲಿತಳು.

ಎರಡನೆಯ ಸಲ ಹೇಳಿದವನು ಹೊಳೆದಂಡೆಯ ಮಠದ ಹಿರಿಯ ಶಿಷ್ಯ ರುದ್ರಮುನಿ. ಅವಳು ಅಲ್ಲಿಗೆ ಶಿಷ್ಯಳಾಗಿ ಬಂದು, ಓದಲು ಕೂರುವುದಕ್ಕೆ ಪಾಳುಬಿದ್ದ ಹಳೆಯ ಉಗ್ರಾಣವನ್ನು ಕೇಳಿ, ತಾನೇ ಸುಣ್ಣ ಬಳಿದುಕೊಳ್ಳುತ್ತೇನೆ ಎಂದಿದ್ದಳು.

ಮಠದ ಗುರು ಅಜ್ಜಾರು ಇಬ್ಬರ ಮುಖವನ್ನೂ ನೋಡಿದರು.

"ಬರೂ ಹುಣ್ಣಿಮಿಗೆ ಆ ಖೋಲಿ ಬೆಳ್ಳಗ ನಿಂತಿರಬೇಕು. ನಿಂತರ ನಿನ್ನದು. ಇಲ್ಲಂದ್ರ ರುದ್ರಮುನಿ ಅದರಾಗ ಜ್ವಾಳದ ಚೀಲ ಒಟ್ಟತಾನ."

"ಆತ್ರಿ ಅಜ್ಜಾರ."

ಹಾಲವ್ವ ಕೋಣೆಯನ್ನು ಬರಿದು ಮಾಡಿದಳು. ತಗಡಿನ ಚೂರಿನಿಂದ ಹಳೆಯ ಸುಣ್ಣ ಕೆರೆದಳು. ಹಕ್ಕಳೆ ಎದ್ದು ಉದುರಿತು. ತಲೆ, ಹುಬ್ಬು ಎಲ್ಲ ಬೆಳ್ಳಗಾದವು.

ರುದ್ರಮುನಿ ಇಣುಕಿ ನಕ್ಕ. "ಗ್ವಾಡಿಗೆ ಸುಣ್ಣ ಹಚ್ಚು ಅಂದ್ರ ನೀನ ಹಚ್ಚಿಕೊಂಡು ನಿಂತೀಯಲ್ಲವಾ!"

"ಸರೀರಿ ಅಣ್ಣಾರ, ಬೆಳಕಿಗೆ ಅಡ್ಡ ಆಗೀರಿ."

ಬಿರುಕುಗಳಿಗೆ ಗಚ್ಚು ತುಂಬಿದಳು. ಒಣಗಿದ ಮೇಲೆ ಉಜ್ಜಿದಳು. ದೀಪವನ್ನು ಗೋಡೆಯ ಮೈಗೆ ಒತ್ತಿ ಹಿಡಿದು, ನೆರಳು ಎದ್ದ ಕಡೆಯೆಲ್ಲ ಮತ್ತೆ ಉಜ್ಜಿದಳು.

ಮೂರು ಗೋಡೆಗಳು ಒಪ್ಪಿಕೊಂಡವು. ನಾಲ್ಕನೆಯದು ಒಪ್ಪಲಿಲ್ಲ. ಅದರ ಬುಡದಲ್ಲಿ ಬಿಳಿ ಪುಡಿಯಾಗಿ ಉಪ್ಪು ಅರಳುತ್ತಿತ್ತು. ಕೆರೆದರೆ ಬೆಳಗಾಗುವುದರೊಳಗೆ ಮತ್ತೆ ಅರಳುತ್ತಿತ್ತು.

ಹುಣ್ಣಿಮೆ ಹತ್ತಿರ ಬಂತು. ರುದ್ರಮುನಿಗೂ ಕನಿಕರವಾಯಿತು.

"ದಪ್ಪಗ ಬಳದುಬಿಡು ಹಾಲವ್ವ. ಹುಣ್ಣಿಮಿ ದಾಟಿದರ ಖೋಲಿ ನಿನ್ನದು. ಆಮ್ಯಾಲ ಉದುರಿದರ ಯಾರ ಕೇಳತಾರ?"

"ನಾ ಕೇಳತೀನಿ."

ಅವಳು ಗೋಡೆಯ ಆಚೆ ಬದಿಗೆ ಹೋಗಿ ನೋಡಿದಳು. ಬಂದು, ಸುಣ್ಣದ ಬಕೆಟ್ಟು ತೊಳೆದು ಬೋರಲು ಹಾಕಿದಳು.

ಹುಣ್ಣಿಮೆಯ ಬೆಳಿಗ್ಗೆ ಅಜ್ಜಾರು ಬಂದರು. ಹಿಂದೆ ಮಠವೇ ಬಂತು. ಮೂರು ಗೋಡೆಗಳು ಹಾಲಿನಂತೆ ಇದ್ದವು. ಒಂದು ಬತ್ತಲೆ ನಿಂತಿತ್ತು.

"ಸುಣ್ಣ ಸಾಲಲಿಲ್ಲೇನವಾ?"

"ಸುಣ್ಣ ಐತ್ರಿ. ಗ್ವಾಡಿ ಒಣಗಿಲ್ಲ."

"ಯಾಕ?"

"ಆಚೀ ಕಡೆ ನಿಮ್ಮ ಮಲ್ಲಿಗಿ ಬಳ್ಳಿ ಐತ್ರಿ. ದಿನಾ ಮುಂಜಾನಿ ನೀವು ಹಾಕೂ ನೀರನ್ನ ಈ ಗ್ವಾಡಿ ಕುಡೀತೈತಿ. ಆ ಬಳ್ಳಿ ಕೀಳೂತನಕ ನಾ ಇದಕ್ಕ ಕುಂಚ ಮುಟ್ಟಸಂಗಿಲ್ಲ."

ಆ ಬಳ್ಳಿಯನ್ನು ಅಜ್ಜಾರ ಹೊರತು ಮತ್ತೊಬ್ಬರು ಮುಟ್ಟಿದ್ದಿಲ್ಲ.

"ಯಾರ ಮುಂದ ಮಾತಾಡಾಕತ್ತೀ, ಖಬರ ಐತೇನು?" ಎಂದ ರುದ್ರಮುನಿ.

"ಐತ್ರಿ. ಅದಕ್ಕ ಖರೇ ಹೇಳಾಕತ್ತೀನಿ."

ಅಜ್ಜಾರು ಅವಳನ್ನೇ ನೋಡಿದರು. "ಖೋಲಿ ಕಳಕೊಂತೀ."

"ಕಳಕೊಂತೀನ್ರಿ. ಉದುರೂ ಗ್ವಾಡಿ ನನಗ ಬ್ಯಾಡ."

ಅಜ್ಜಾರು ಬತ್ತಲೆ ಗೋಡೆಗೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಹೊರಗೆ ನಡೆದರು.

ಗೋಡೆಯ ಆಚೆಯಿಂದ ಗುದ್ದಲಿಯ ಸದ್ದು ಕೇಳಿತು.

ಅವರು ಮರಳಿದಾಗ ಮೊಣಕೈವರೆಗೆ ಕೆಸರಾಗಿತ್ತು. ಬಳ್ಳಿಯನ್ನು ಹೊಸ್ತಿಲ ಹೊರಗೆ ಇಟ್ಟರು. ಮುದಿ ಬೇರು, ನಡುವೆ ತುಂಡಾಗಿತ್ತು. ಇನ್ನೆಲ್ಲಿ ನೆಟ್ಟರೂ ಚಿಗುರುವಂತಿರಲಿಲ್ಲ.

ರುದ್ರಮುನಿಯ ಕಣ್ಣು ತುಂಬಿತು. "ಅಜ್ಜಾರ, ಅದು ನಿಮ್ಮ ಗುರುಗಳು ಹಚ್ಚಿದ್ದು!"

ಹಾಲವ್ವ ಆ ಬೇರನ್ನು ನೋಡಿದಳು. ಅವಳಿಗೆ ಇದು ಗೊತ್ತಿರಲಿಲ್ಲ. ಆದರೂ ತಲೆ ತಗ್ಗಿಸಲಿಲ್ಲ.

"ಗ್ವಾಡಿ ಒಣಗಾಕ ಇನ್ನೊಂದು ಹುಣ್ಣಿಮಿ ಬೇಕಾಗತೈತ್ರಿ ಅಜ್ಜಾರ" ಎಂದಳು. ದನಿ ಮಾತ್ರ ಸಣ್ಣಗಿತ್ತು.

ಅಜ್ಜಾರು ಸೊಂಟದಿಂದ ಉಗ್ರಾಣದ ಕೀಲಿಕೈ ಬಿಚ್ಚಿ, ಕೆಸರಿನ ಸಮೇತ ಅವಳ ಅಂಗೈಯಲ್ಲಿಟ್ಟರು.

"ಖೋಲಿ ನಿನ್ನದು. ಬೆಲಿ ನಮ್ಮ ಗುರುವಿನ ಮಲ್ಲಿಗಿ. ಪುಕ್ಕಟ ಸಿಕ್ಕಿತು ಅಂತ ಎಲ್ಲೂ ಹೇಳಬ್ಯಾಡ."