ಅರ್ಧಾಳು ತೆಗೆದ ಬಾಗಿಲು

ಮಾದು, ಇದನ್ನ ಯಾರಿಗೂ ಹೇಳಬಾರದು ಅಂತ ಅಜ್ಜಿ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಳು. ಯಾಕೆ ಅಂತ ಕೊನೇಲಿ ಹೇಳ್ತೀನಿ. ನಾನು ಇಲ್ಲಿವರೆಗೂ ಯಾರಿಗೂ ಕತೆ ಹೇಳ್ದೋಳಲ್ಲ, ಆದ್ರೆ ಇದು ನಂಗೆ ಚೆನ್ನಾಗಿ ನೆನಪಿದೆ, ಒಂದು ಗೇಣೂ ತಪ್ಪಲ್ಲ. ಇತ್ಲಾಗೆ ತಿರುಗಿ ಮಲ್ಕೋ.

ಒಂದಾನೊಂದು ಕಾಲದಲ್ಲಿ, ಗುಡ್ಡಕ್ಕೊಬ್ಬ ರಾಕ್ಷಸಿ ಇದ್ದ ಕಾಲದಲ್ಲಿ, ಬಿದಿರಲ್ಲಿ ಮೊರ ಹೆಣೆಯೋ ಒಬ್ಳು ಅವ್ವ ಇದ್ದಳಂತೆ. ಅವಳಿಗೆ ಮೂರು ಮಕ್ಕಳು, ದೊಡ್ಡೋನು, ನಡುವಿನೋನು, ಕೊನೆಯೋಳು ನಿಂಗಿ. ಒಂದಿನ ಅವ್ವ ಗುಡ್ಡದ ರಾಕ್ಷಸಿಗೆ ಮೊರ ಕೊಡೋಕೆ ಹೋದ್ಳಂತೆ, ಹೋದೋಳ್ನ ರಾಕ್ಷಸಿ ಕಲ್ಲಿನ ಕೋಣೇಲಿ ಕೂಡಿಹಾಕಿ ಮಕ್ಕಳಿಗೆ ಹೇಳಿಕಳಿಸಿದ್ಳಂತೆ, ದಿನಕ್ಕೊಬ್ಬರು ಬನ್ನಿ, ಒಬ್ಬರೇ ಎಳೆದು ಬಾಗ್ಲು ತೆಗೆದ್ರೆ ನಿಮ್ಮವ್ವನ್ನೂ ಬಿಡ್ತೀನಿ, ನನ್ನ ಆಳುಗಳನ್ನೂ ಬಿಡ್ತೀನಿ, ಸೋತ್ರೆ ನೀವೂ ನನ್ನ ಆಳು, ಮೂರನೇ ದಿನ ಹೊತ್ತು ಮುಳುಗಿದ್ರೆ ಅವಳನ್ನ ತಿಂತೀನಿ ಅಂತ. ಅಲ್ಲಿದ್ದ ಹತ್ತು ಆಳುಗಳೂ ಹಂಗೆ ಸೋತು ಮಾತಿಗೆ ಕಟ್ಟುಬಿದ್ದೋರೇ ಅಂತೆ.

ಬಾಗ್ಲು ನಾಲ್ಕು ಗೇಣು ಅಗಲ, ಹೊರಗಡೆಗೆ ತೆರ್ಕೊಳ್ಳೋದು. ಗೇಣು ಅಂದ್ರೆ ನಿನ್ನ ಪುಟಾಣಿ ಕೈದಲ್ಲ, ದೊಡ್ಡೋರ ಕೈದು. ಅದರ ಮೇಲೆ ಸಾಲಾಗಿ ಮೂರು ಕಬ್ಬಿಣದ ಬಳೆ, ಬಾಗ್ಲು ತಿರುಗೋ ಕೀಲಿಂದ ಒಂದು ಗೇಣಿಗೆ ಒಂದು, ಎರಡು ಗೇಣಿಗೆ ಒಂದು, ಮೂರು ಗೇಣಿಗೆ ಒಂದು.

ಮೊದಲನೇ ದಿನ ದೊಡ್ಡೋನು ಬಂದ, ಬುಡ ಹಿಡಿದ್ರೆ ಮರಾನೇ ಬರತ್ತೆ ಅಂದ್ಕೊಂಡು ಮೊದಲ್ನೇ ಬಳೆ ಹಿಡಿದು ಎಳೆದ, ಅಂಗೈ ಸುಲಿದೋಯ್ತು, ಬಾಗ್ಲು ಅಲ್ಲಾಡಲಿಲ್ಲ. ಎರಡನೇ ದಿನ ನಡುವಿನೋನು ಎರಡನೇ ಬಳೆ ಎಳೆದ, ಅದೂ ಆಗಲಿಲ್ಲ. ಆಮೇಲೆ ಆಳುಗಳು ಹನ್ನೆರಡಾದ್ರಂತೆ.

ಮೂರನೇ ದಿನ ಬೆಳಿಗ್ಗೆ ನಿಂಗಿ ಬಂದ್ಳು. ರಾಕ್ಷಸಿ ಹೊಟ್ಟೆ ಹಿಡ್ಕೊಂಡು ನಕ್ಕಳಂತೆ, ಹೊಲಕ್ಕೆ ಹೋದ್ರೆ ನಿಂಗೆ ಅರ್ಧಾಳು ಕೂಲಿ ಕೊಡ್ತಾರಲ್ಲೇ, ನೀನು ಇದನ್ನ ಎಳೀತೀಯಾ ಅಂದ್ಳಂತೆ. ಹೌದಮ್ಮ, ನಾನು ಅರ್ಧಾಳೇ, ಇಳಿಹೊತ್ತಿನ ತನಕ ನೋಡ್ಕೊಂಡು ಕೂತಿರ್ತೀನಿ ಅಂದ್ಳಂತೆ ನಿಂಗಿ.

ಬೆಳಿಗ್ಗೆ ಅವ್ವನಿಗೆ ಗಂಜಿ ಕೊಡೋಕೆ ಆಳುಗಳು ಮೊದಲ್ನೇ ಬಳೆಗೆ ಹಗ್ಗ ಹಾಕಿ ಎಳೆದ್ರಂತೆ. ಹನ್ನೊಂದು ಜನಕ್ಕೆ ಬರಲಿಲ್ಲ, ಹನ್ನೆರಡನೆಯೋನು ಕೈ ಹಾಕಿದ್ಮೇಲೆ ಬಂತು. ಮಧ್ಯಾಹ್ನ ಅರ್ಧ ಜನ ಸೌದೆಗೆ ಹೋಗಿದ್ರು, ಉಳಿದ ಆರು ಜನ ಎರಡನೇ ಬಳೆ ಎಳೆದ್ರು, ಬಂತು. ಇಳಿಹೊತ್ತಿಗೆ ಇದ್ದೋರು ನಾಲ್ಕೇ ಜನ, ಮೂರನೇ ಬಳೆ ಎಳೆದ್ರು, ಆಗ್ಲೂ ಬಂತು. ಯಾಕೆ ಹಂಗೆ ಅಂತ ಯಾರೂ ಕೇಳ್ಕೊಂಡೋರಲ್ಲ, ಅಭ್ಯಾಸ ಅಷ್ಟೇ. ನಿಂಗಿ ಮಣ್ಣಲ್ಲಿ ಗೀಟು ಹಾಕಿ ನೋಡಿದ್ಳಂತೆ. ಒಂದು ಗೇಣಿಗೆ ಹನ್ನೆರಡು ಜನ, ಎರಡಕ್ಕೆ ಆರು, ಮೂರಕ್ಕೆ ನಾಲ್ಕು. ಗೇಣನ್ನೂ ಜನಾನೂ ಗುಣಿಸಿದ್ರೆ ಯಾವಾಗ್ಲೂ ಹನ್ನೆರಡೇ.

ದೊಡ್ಡಣ್ಣ ಪಕ್ಕಕ್ಕೆ ಬಂದು ಹೇಳಿದ್ನಂತೆ, ನಿಂಗಿ, ಬಾಗ್ಲು ಇರೋದೇ ನಾಲ್ಕು ಗೇಣು, ಅಂಚಿಗೆ ಹಿಡಿದ್ರೂ ಮೂರು ಜನ ಬೇಕಲ್ಲವ್ವ.

"ಬಾಗ್ಲು ಮುಗೀತು ಅಂತ ಗೇಣು ಮುಗಿಯತ್ತೇನಣ್ಣ?"

ಹಂಗಂದು ಗುಡ್ಡದ ಕೆಳಗೆ ಓಡಿದ್ಳಂತೆ, ಬಗ್ಗದಿರೋ ಗಟ್ಟಿ ಬಿದಿರು ಆರಿಸಿದ್ಳಂತೆ. ಒಬ್ಬರಿಗಾದ್ರೆ ಹನ್ನೆರಡು ಗೇಣು, ಅರ್ಧಾಳಿಗೆ ಎಷ್ಟು ಹೇಳು? ಆರಾ? ನಾನೂ ಅಜ್ಜಿಗೆ ಆರು ಅಂದು ಮೊಟಕಿಸ್ಕೊಂಡಿದ್ದೆ. ಆಳು ಕಮ್ಮಿ ಆದಷ್ಟೂ ಗೇಣು ಹೆಚ್ಚಬೇಕು ಕಣೋ. ಇಪ್ಪತ್ನಾಲ್ಕು.

ಆಮೇಲೆ ಬಿದಿರನ್ನ ಮೂರೂ ಬಳೆ ಒಳಗೆ ತೂರಿಸಿ ಕೀಲಿನವರೆಗೂ ತಳ್ಳಿದ್ಳು, ಉಳಿದಿದ್ದು ಗೋಡೆಯುದ್ದಕ್ಕೂ ಚಾಚ್ಕೊಂತು. ಸೂರ್ಯ ಅರ್ಧ ಮುಳುಗಿದ್ದ. ನಿಂಗಿ ತುದಿ ಹಿಡಿದು ಹಿಂದಕ್ಕೆ ನಡೆದ್ಳಂತೆ. ಅವಳು ಆರು ಹೆಜ್ಜೆ ನಡೆದ್ರೆ ಬಾಗ್ಲಿನಂಚು ಒಂದೇ ಹೆಜ್ಜೆ ಬರೋದು, ಆದ್ರೆ ಬಂತು. ಅವ್ವ ಓರೆಯಾಗಿ ಹೊರಗೆ ಬಂದ್ಳು, ಮೊರ ಕೈಲೇ ಇತ್ತಂತೆ.

ರಾಕ್ಷಸಿ ನಂಬಲಿಲ್ಲ. ಇದು ಅರ್ಧಾಳಿನ ಕೆಲಸ ಅಲ್ಲ, ಒಳಗಿಂದ ಯಾರೋ ತಳ್ಳಿದಾರೆ ಅಂತ ಹುಡುಕೋಕೆ ಕೋಣೆಯೊಳಗೆ ನುಗ್ಗಿದ್ಳಂತೆ. ನಿಂಗಿ ಬಿದಿರಿನ ಆ ಕಡೆಗೆ ಹೋಗಿ, ಬಂದಷ್ಟೇ ಹೆಜ್ಜೆ ತಳ್ಕೊಂಡು ನಡೆದು ಬಾಗ್ಲು ಮುಚ್ಚಿ, ಬಳೆಯಿಂದ ಬಿದಿರನ್ನ ಎಳ್ಕೊಂಡು ಹೆಗಲಿಗೆ ಹಾಕ್ಕೊಂಡ್ಳಂತೆ.

ಆಮೇಲೆ ಹನ್ನೆರಡು ಜನಾನೂ ಅವರವರ ಮನೆ ಸೇರಿದ್ರಂತೆ, ಅವ್ವ ಮಕ್ಕಳಿಗೆ ಬಿಸಿ ಮುದ್ದೆ ಮಾಡಿಟ್ಟಳಂತೆ, ಅವತ್ತಿಂದ ನಿಂಗಿಗೆ ಊರಲ್ಲಿ ಪೂರ್ತಿ ಆಳಿನ ಕೂಲಿ. ನಿಂಗಿ ಬಿದಿರು ಗೋಡೆಗೊರಗಿತು, ನನ್ನ ಕತೆ ಮುಗೀತು.

ಯಾಕೆ ಹೇಳಬಾರದು ಅಂದ್ರೆ, ರಾಕ್ಷಸಿ ಇನ್ನೂ ಆ ಕೋಣೇಲೇ ಬಾಗ್ಲಿಗೆ ಕಿವಿ ಇಟ್ಕೊಂಡಿದಾಳಂತೆ, ಬಿದಿರಿನ ಗುಟ್ಟು ಕೇಳಿಸ್ಕೊಂಡ್ರೆ ಕಷ್ಟ. ಎಳೀರಿ ಎಳೀರಿ ಅಂದೇ ಬದುಕಿದೋಳು, ಅವಳ ಕೈಲಿ ಒಂದಾಳಿನ ಬಲಾನೂ ಇಲ್ಲ. ಅವತ್ತು ಒಳಗಿಂದ ಬಡಿದ್ಳಂತೆ, ಮೊದಲನೇ ಆಳಿನ ಹೆಸರು ಹಿಡಿದು ಕೂಗಿದ್ಳಂತೆ, ಎರಡನೆಯೋನ್ನ ಕೂಗಿದ್ಳಂತೆ, ಹಿಂಗೇ ಹನ್ನೆರಡೂ ಹೆಸರು ಕೂಗಿದ್ಳಂತೆ. ಬಾಗ್ಲು ಮುಚ್ಚೇ ಇತ್ತಂತೆ. ಯಾರೂ ಓ ಅನ್ನಲಿಲ್ಲವಂತೆ.