ಪ್ಯಾಟಿಯೊಳಗಿನ ಸೋರೆಕಾಯಿ

ಒಂದು ಊರಿನಲ್ಲಿ ಚೆಲುವನಾಯಕ ಎಂಬ ಕುಸ್ತಿ ಉಸ್ತಾದರಿದ್ದರು. ವಯಸ್ಸು ಅರವತ್ತೆಂಟು. ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಕುತ್ತಿಗೆ ಮಾತ್ರ ಇನ್ನೂ ದಪ್ಪಗೇ ಇತ್ತು. ಮನೆಯ ಹಿಂದೆಯೇ ಅವರ ಗರಡಿ. ಹತ್ತು ಹನ್ನೆರಡು ಜನ ಶಿಷ್ಯರು ಬೆಳಗಿನ ಐದೂವರೆಗೆ ಬಂದು ಕೆಮ್ಮಣ್ಣಿನಲ್ಲಿ ಹೊರಳಾಡಿ, ಏಳೂವರೆಗೆ ಮೈ ತೊಳೆದುಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಆ ಗರಡಿಗೆ ಒಂದು ನಿಯಮವಿತ್ತು. ಸೋಲು ಗೆಲುವು ಹೇಳಲು ಅಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಯಾರ ಬೆನ್ನು ಮಣ್ಣಿಗೆ ತಾಗಿತೋ ಅವನೇ ಎದ್ದು ನಿಂತು, ಒಂದು ಚಿಟಿಕೆ ಮಣ್ಣನ್ನು ತಲೆಗೆ ಹಾಕಿಕೊಂಡು "ಬಿದ್ದೆ" ಅನ್ನಬೇಕು. ಉಸ್ತಾದರು ಆ ಕಡೆ ನೋಡುತ್ತಿರಲಿ, ಬಿಡಲಿ. ಒಮ್ಮೆ ಒಬ್ಬ ಬಿದ್ದವನು ಬೆನ್ನಿನ ಮಣ್ಣು ಒರೆಸಿಕೊಂಡು ಸುಮ್ಮನಿದ್ದುಬಿಟ್ಟ. ಉಸ್ತಾದರು ಬಯ್ಯಲಿಲ್ಲ, ಹೊಡೆಯಲೂ ಇಲ್ಲ. ಅವನ ಲಂಗೋಟಿಯನ್ನು ಅಚ್ಚುಕಟ್ಟಾಗಿ ಮಡಿಸಿ ಕೈಗೆ ಕೊಟ್ಟು ಮನೆಗೆ ಕಳಿಸಿದರು. ಅವನು ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಇಷ್ಟು ನೇರವಾದ ಮನುಷ್ಯನಿಗೆ ತರಕಾರಿ ಎಂದರೆ ಮಾತ್ರ ಆಗುತ್ತಿರಲಿಲ್ಲ. ಸೊಪ್ಪು ದನಗಳಿಗೆ, ಸೋರೆಕಾಯಿ ಜ್ವರ ಬಂದವರಿಗೆ, ಪೈಲ್ವಾನನಿಗೆ ಮಾಂಸ ಮೊಟ್ಟೆ ಮುದ್ದೆ, ಇದು ಅವರ ಲೆಕ್ಕಾಚಾರ. ಸಾರಿನಲ್ಲಿ ತಪ್ಪಿ ಒಂದು ಹುರುಳಿಕಾಯಿ ತುಂಡು ಸಿಕ್ಕಿದರೂ ಅದನ್ನು ಎತ್ತಿ ತಟ್ಟೆಯ ಅಂಚಿಗಿಟ್ಟು, ಊಟ ಮುಗಿಯುವವರೆಗೂ ಅದನ್ನೇ ಗುರಾಯಿಸುತ್ತಿದ್ದರು.

ಅರವತ್ತೇಳು ವರ್ಷ ಇದು ನಡೆಯಿತು. ಆಮೇಲೆ ಹೊಟ್ಟೆ ಮುಷ್ಕರ ಹೂಡಿತು. ಬೆಳಗ್ಗೆ ಬಚ್ಚಲ ಕಡೆ ಹೋದವರು ಮುಕ್ಕಾಲು ಗಂಟೆಯಾದರೂ ಹೊರಗೆ ಬರುತ್ತಿರಲಿಲ್ಲ. ಬಂದಾಗ ಮುಖ ಬಿಳುಚಿಕೊಂಡಿರುತ್ತಿತ್ತು. ಕೆಲವು ದಿನ ರಕ್ತವೂ ಹೋಯಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ ಎರಡೇ ಮಾತು ಹೇಳಿದರು: ದಿನಾ ತರಕಾರಿ ತಿನ್ನಬೇಕು, ಇಲ್ಲವಾದರೆ ಆಪರೇಷನ್ನಿಗೆ ಸಿದ್ಧರಾಗಬೇಕು. ಉಸ್ತಾದರು ಮಾತ್ರೆಗಳನ್ನು ತೆಗೆದುಕೊಂಡರು, ಮಾತನ್ನು ಅಲ್ಲೇ ಬಿಟ್ಟುಬಂದರು.

ಆ ಮನೆಯ ಅಡುಗೆ ನೋಡಿಕೊಳ್ಳುತ್ತಿದ್ದವಳು ಸೊಸೆ ಸುಧಾಮಣಿ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಗಂಡ ಬಸ್ ಡ್ರೈವರ್, ಹಗಲೆಲ್ಲ ರಸ್ತೆಯ ಮೇಲೆ. ಹಾಗಾಗಿ ಮಾವನ ಹೊಟ್ಟೆಯ ಜವಾಬ್ದಾರಿ ಪೂರಾ ಅವಳ ತಲೆಗೇ ಬಂದಿತ್ತು. ಅವಳು ಪಲ್ಯ ಮಾಡಿ ನೋಡಿದಳು, ಬಸ್ಸಾರು ಮಾಡಿ ನೋಡಿದಳು, ಬೇಡಿಕೊಂಡಳು, ಒಂದು ದಿನ ಅತ್ತೂಬಿಟ್ಟಳು. ಅಳುವುದಕ್ಕೂ ಬೆಂಡೆಕಾಯಿಗೂ ಏನು ಸಂಬಂಧ ಎಂದು ಮಾವ ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಅವರಿಗೆ ಬೇಕರಿಯ ಚಿಕನ್ ಪ್ಯಾಟಿ ಇಷ್ಟ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಭಾನುವಾರ ಅದನ್ನು ಮನೆಯಲ್ಲೇ ಮಾಡಿದಳು. ಮೂಳೆ ತೆಗೆದ ಕೋಳಿಮಾಂಸವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿಕೊಂಡಳು. ಸೋರೆಕಾಯಿ ತುರಿದು, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿ ನೀರು ಹಿಂಡಿದಳು. ಆ ನೀರನ್ನೂ ಚೆಲ್ಲದೆ ಚಪಾತಿ ಹಿಟ್ಟಿಗೆ ಕಲಸಿದಳು. ಕ್ಯಾರೆಟ್ ತುರಿಯನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿದಳು. ಹುರುಳಿಕಾಯಿಯನ್ನು ಬೇಯಿಸಿ ಅರೆದಳು. ಅದರ ಹಸಿರು ಕಂಡರೆ ಏನು ಗತಿ ಎಂದು ಒಂದು ಕಟ್ಟು ಕೊತ್ತಂಬರಿ ಹೆಚ್ಚಿ ಹಾಕಿದಳು, ಕೇಳಿದರೆ ಎಲ್ಲ ಹಸಿರೂ ಕೊತ್ತಂಬರಿಯದೇ ಅನ್ನಬಹುದಲ್ಲ. ಕೋಳಿಯ ಮಾಂಸ ಬಿಳಿ, ಅದರಲ್ಲಿ ಕ್ಯಾರೆಟ್ ಸುಲಭವಾಗಿ ಸಿಕ್ಕಿಬೀಳುತ್ತದೆ. ಅದಕ್ಕೆ ಅರ್ಧ ಬೀಟ್‌ರೂಟ್ ತುರಿದು ಸೇರಿಸಿದಳು. ಹುರಿಗಡಲೆ ಪುಡಿ, ಒಂದು ಮೊಟ್ಟೆ, ಶುಂಠಿ ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಕಲಸಿ, ಅಂಗೈಯಲ್ಲಿ ತಟ್ಟಿ, ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಬೇಯಿಸಿದಳು.

ಉಸ್ತಾದರು ಒಂದನ್ನು ಮುರಿದು ಒಳಗೆ ನೋಡಿದರು. ಮಾಂಸಕ್ಕೆ ಎಂಥ ಕೆಂಪು ಬಣ್ಣ ಬಂದಿದೆ, ಬೇಕರಿಯವನು ಇದನ್ನು ನೋಡಿ ಕಲಿಯಬೇಕು ಎಂದರು ಮಾವ. ಅವತ್ತು ನಾಲ್ಕು ತಿಂದರು.

ಅಲ್ಲಿಂದ ಪ್ಯಾಟಿ ನಿತ್ಯದ ತಿಂಡಿಯಾಯಿತು. ಮೊದಲ ವಾರ ಒಂದು ಹಿಡಿ ತರಕಾರಿ ಹಾಕುತ್ತಿದ್ದವಳು ಮೂರನೆಯ ತಿಂಗಳಿಗೆ ಅರ್ಧಕ್ಕರ್ಧ ಹಾಕತೊಡಗಿದಳು. ಸಿಪ್ಪೆಗಳನ್ನು ಕಾಗದದಲ್ಲಿ ಸುತ್ತಿ ಪಕ್ಕದ ಮನೆಯ ಮೇಕೆಗೆ ಹಾಕಿಬರುತ್ತಿದ್ದಳು. ಆ ಗುಟ್ಟು ಬಲ್ಲದ್ದು ಇಡೀ ಬೀದಿಯಲ್ಲಿ ಆ ಮೇಕೆ ಒಂದೇ.

ಉಸ್ತಾದರ ಹೊಟ್ಟೆ ಸರಿಹೋಯಿತು. ರಕ್ತ ನಿಂತಿತು. ಮುಖಕ್ಕೆ ಬಣ್ಣ ಬಂತು. ಡಾಕ್ಟರಮ್ಮ ನೋಡಿ, ನನ್ನ ಮಾತು ಕೇಳಿದಿರಲ್ಲ, ಸಂತೋಷ ಎಂದರು. ಉಸ್ತಾದರು ಮೀಸೆಯಡಿಯಲ್ಲೇ ನಕ್ಕು ಮನೆಗೆ ಬಂದರು.

ಮರುದಿನ ಗರಡಿಯಲ್ಲಿ ಅವರು ದೊಡ್ಡ ಭಾಷಣವನ್ನೇ ಮಾಡಿದರು. ಡಾಕ್ಟರು ತರಕಾರಿ ತಿನ್ನು ಅಂದರು, ನಾನು ಒಂದು ಎಲೆಯನ್ನೂ ಮುಟ್ಟಲಿಲ್ಲ, ಬರೀ ಕೋಳಿ ತಿಂದೆ, ಈಗ ನೋಡಿ ಎಂದು ತೊಡೆ ತಟ್ಟಿ ತೋರಿಸಿದರು. ಅಡುಗೆಮನೆಯ ಕಿಟಕಿ ಗರಡಿಯ ಕಡೆಗೇ ಇತ್ತು. ಸುಧಾಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗೆಯಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಮಾವ ಬದುಕಿದರಲ್ಲ, ಮಾತನಾಡಿಕೊಳ್ಳಲಿ ಎಂದುಕೊಂಡಳು. ಇಷ್ಟು ದೊಡ್ಡ ಪೈಲ್ವಾನರನ್ನು ತಾನೊಬ್ಬಳೇ ಸೋಲಿಸಿದೆ ಎಂಬ ಹೆಮ್ಮೆಯೂ ಅವಳಿಗಿತ್ತು.

ಆ ಭಾಷಣವನ್ನು ಎಲ್ಲರಿಗಿಂತ ಮುಂದೆ ಕೂತು ಕೇಳಿದವನು ಕೆಂಡಗಣ್ಣ. ಇಪ್ಪತ್ತು ವರ್ಷದವನು, ಗರಡಿಯಲ್ಲೇ ಗಟ್ಟಿ ಆಳು. ಜಿಲ್ಲೆಯ ಕುಸ್ತಿಗೆ ಆಯ್ಕೆಯಾಗಿದ್ದ. ಅವನ ತಾಯಿ ಜವರಮ್ಮ ಬೀದಿ ಬೀದಿ ಸುತ್ತಿ ಸೊಪ್ಪು ಮಾರುವವಳು. ದಂಟು, ಕೀರೆ, ಸಬ್ಬಸಿಗೆ, ದಿನದ ಕೊನೆಗೆ ಬುಟ್ಟಿಯಲ್ಲಿ ಉಳಿದದ್ದನ್ನು ತಿಂದೇ ಅವನ ಮೈ ಬೆಳೆದಿತ್ತು. ಅವನು ಅವತ್ತು ಸಂಜೆ ಮನೆಗೆ ಹೋಗಿ, ಇನ್ನು ನನಗೆ ಸೊಪ್ಪು ಬಡಿಸಬೇಡ ಎಂದು ತಾಯಿಗೆ ಹೇಳಿದ. ಉಸ್ತಾದರ ಮಾತೆಂದರೆ ಅವನಿಗೆ ವೇದವಾಕ್ಯ.

ಎರಡೂವರೆ ತಿಂಗಳು ಅವನು ಕೋಳಿ, ಮೊಟ್ಟೆ ಬಿಟ್ಟು ಬೇರೇನೂ ತಿನ್ನಲಿಲ್ಲ. ಅವನ ಕೋಳಿಯಲ್ಲಿ ಸೋರೆಕಾಯಿ ಇರಲಿಲ್ಲ. ಉಸ್ತಾದರಿಗೆ ಆದದ್ದೇ ಅವನಿಗೂ ಆಯಿತು. ಹೊಟ್ಟೆ ಕಟ್ಟಿತು, ರಕ್ತ ಹೋಗತೊಡಗಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಸುಸ್ತು ಎಂದಷ್ಟೇ ಉಸ್ತಾದರಿಗೆ ತಿಳಿಸಿದಾಗ, ಹಾಗಾದರೆ ಮಾಂಸ ಸಾಲುತ್ತಿಲ್ಲ, ಇನ್ನಷ್ಟು ತಿನ್ನು ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಒಂದು ಬೆಳಗ್ಗೆ ಅವನು ಸಾಮು ಮಾಡುತ್ತಿದ್ದಂತೆಯೇ ತಲೆಸುತ್ತಿ ಮಣ್ಣಿನ ಮೇಲೆ ಬಿದ್ದ. ಆಸ್ಪತ್ರೆಗೆ ಎತ್ತಿಕೊಂಡು ಹೋದರು. ತಿನ್ನುವುದನ್ನು ಬದಲಾಯಿಸದಿದ್ದರೆ ಆಪರೇಷನ್ ಮಾಡಬೇಕಾಗುತ್ತದೆ ಎಂದು ಅಲ್ಲಿಯೂ ಹೇಳಿದರು. ಅವನು ಗೋಡೆ ಕಡೆ ಮುಖ ತಿರುಗಿಸಿಕೊಂಡು, ಉಸ್ತಾದರಿಗೂ ಹೀಗೇ ಹೆದರಿಸಿದ್ದರು ಎಂದ.

ಮರುದಿನ ಮಧ್ಯಾಹ್ನ ಜವರಮ್ಮ ಸುಧಾಮಣಿಯ ಹಿತ್ತಿಲ ಬಾಗಿಲಿಗೆ ಬಂದಳು. ಸೊಂಟದಲ್ಲಿ ಖಾಲಿ ಬುಟ್ಟಿ. ಜಗಳಕ್ಕೆ ಬಂದವಳಲ್ಲ.

"ಉಸ್ತಾದ್ರಿಗೆ ಒಗ್ಗಿದ್ದು ನನ್ ಮಗನಿಗೆ ಯಾಕವ್ವ ಒಗ್ಗಲಿಲ್ಲ?" ಎಂದು ಕೇಳಿದಳು. "ನನ್ ಸೊಪ್ಪಲ್ಲಿ ಏನವ್ವ ದೋಷ ಇತ್ತು?"

ಸುಧಾಮಣಿಯ ಕೈಯಲ್ಲಿ ಆಗಷ್ಟೇ ಹಿಂಡಿದ ಸೋರೆಕಾಯಿಯ ಗಂಟಿತ್ತು. ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡಳು. ಒಬ್ಬೊಬ್ಬರ ಮೈ ಒಂದೊಂದು ಥರ ಜವರಮ್ಮ ಎಂದಳು. ಜವರಮ್ಮ ಇರಬಹುದು ಎಂದು ತಲೆಯಾಡಿಸಿ ಹೊರಟುಹೋದಳು. ಆ ಹೆಂಗಸು ತನ್ನ ಮಾತನ್ನು ಅಷ್ಟು ಸುಲಭವಾಗಿ ನಂಬಿದ್ದನ್ನು ಸುಧಾಮಣಿಗೆ ತಡೆದುಕೊಳ್ಳಲಾಗಲಿಲ್ಲ. ಗಂಟಿನಿಂದ ನೀರು ತೊಟ್ಟಿಕ್ಕಿ ಅವಳ ಸೀರೆಯ ಹಿಂಬದಿ ಒದ್ದೆಯಾಗಿತ್ತು.

ಈಗ ಅವಳು ಯೋಚಿಸಬೇಕಾಗಿ ಬಂತು. ಹೇಳಿದರೆ ಮಾವ ಪ್ಯಾಟಿಯನ್ನು ಮುಟ್ಟುವುದಿಲ್ಲ, ಮತ್ತೆ ಹಾಸಿಗೆ ಹಿಡಿಯುತ್ತಾರೆ. ಇನ್ನು ಮುಂದೆ ಅವಳ ಕೈಯ ನೀರನ್ನಾದರೂ ನಂಬುತ್ತಾರೋ ಇಲ್ಲವೋ. ಹೇಳದಿದ್ದರೆ ಕೆಂಡಗಣ್ಣ ಉಸ್ತಾದರ ದಾರಿಯಲ್ಲೇ ನಡೆದು ಸಾಯುತ್ತಾನೆ. ಸಂಜೆಯವರೆಗೂ ಅವಳಿಂದ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ.

ಮೂರು ದಿನ ಬಿಟ್ಟು ಕೆಂಡಗಣ್ಣ ಆಸ್ಪತ್ರೆಯಿಂದ ಬಂದ. ಕುಸ್ತಿ ಆಡುವ ಶಕ್ತಿಯಿಲ್ಲದಿದ್ದರೂ ಬೆಳಗ್ಗೆ ಗರಡಿಗೆ ಬಂದು ಗೋಡೆಗೆ ಒರಗಿ ಕೂತ. ಅದೇ ಬೆಳಗ್ಗೆ ಸುಧಾಮಣಿ ಒಂದು ದೊಡ್ಡ ತಟ್ಟೆ ಹಿಡಿದು ಗರಡಿಯ ಬಾಗಿಲಿಗೆ ಬಂದಳು. ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ಅವಳು ಆ ಹೊಸ್ತಿಲವರೆಗೆ ಬಂದದ್ದು ಅದೇ ಮೊದಲು. ತಟ್ಟೆಯಲ್ಲಿ ಒಂದು ಸೋರೆಕಾಯಿ, ನಾಲ್ಕು ಕ್ಯಾರೆಟ್, ಒಂದು ಹಿಡಿ ಹುರುಳಿಕಾಯಿ, ಅರ್ಧ ಬೀಟ್‌ರೂಟ್ ಮತ್ತು ಬಿಸಿ ಪ್ಯಾಟಿಗಳಿದ್ದವು. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟಳು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ತಲೆಗೆ ಹಾಕಿಕೊಂಡಳು.

"ಮಾವ, ನಾನ್ ಬಿದ್ದೆ" ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಹಿಂಡಿದ್ದು, ಬಾಡಿಸಿದ್ದು, ಬೀಟ್‌ರೂಟಿನ ಬಣ್ಣ, ಪಕ್ಕದ ಮನೆಯ ಮೇಕೆ, ಯಾವುದನ್ನೂ ಬಿಡಲಿಲ್ಲ.

ಉಸ್ತಾದರ ಕತ್ತಿನ ನರ ಉಬ್ಬಿತು. ಅವರಿಗೆ ಅವಮಾನವಾಗಿತ್ತು, ಅದೂ ಶಿಷ್ಯರ ಮುಂದೆ. ಎಷ್ಟು ದಿನದಿಂದ ಎಂದು ಕೇಳಿದರು. ಎಂಟು ತಿಂಗಳಿಂದ ಎಂದಳು. 

"ಬಿದ್ ತಕ್ಷಣ ಹೇಳ್ಬೇಕಾಗಿತ್ತು" ಎಂದರು ಉಸ್ತಾದರು.

"ಗೆದ್ದೆ ಅನ್ಕೊಂಡಿದ್ದೆ ಮಾವ" ಎಂದಳು ಸುಧಾಮಣಿ.

ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವರು ಅನ್ನಬಹುದಿತ್ತು. ಶಿಷ್ಯರು ಅವರ ಮಾತನ್ನೇ ನಂಬುತ್ತಿದ್ದರು, ಮೇಕೆ ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ಅವರು ಗೋಡೆಗೆ ಒರಗಿ ಕೂತವನ ಕಡೆ ನೋಡಿದರು. ಮೂರು ತಿಂಗಳ ಹಿಂದೆ ತಾವೇ ತಟ್ಟಿ ಹುರಿದುಂಬಿಸಿದ ಆ ಭುಜ ಇಳಿದುಹೋಗಿತ್ತು. ಅದನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕಷ್ಟಪಟ್ಟು ಮಂಡಿ ಬಗ್ಗಿಸಿ, ಮಣ್ಣು ತೆಗೆದು, ಬೋಳು ತಲೆಯ ಮೇಲೆ ಹಾಕಿಕೊಂಡರು.

"ನಾನೂ ಬಿದ್ದೆ ಕಣೋ ಕೆಂಡಗಣ್ಣ" ಎಂದರು. "ನನ್ ಹೊಟ್ಟೇಲಿ ಏನಿದೆ ಅಂತ ನನಗೇ ಗೊತ್ತಿರ್ಲಿಲ್ಲ. ಗೊತ್ತಿರೋನ್ ಥರ ನಿಂಗೆ ಹೇಳ್ಕೊಟ್ಟೆ. ಹೋಗಿ ನಿಮ್ಮವ್ವನ ಸೊಪ್ ತಿನ್ನು."

ಐವತ್ತು ವರ್ಷದ ಕುಸ್ತಿಯಲ್ಲಿ ಅವರು ಆ ಮಾತು ಹೇಳಿದ್ದನ್ನು ಆ ಶಿಷ್ಯರಲ್ಲಿ ಯಾರೂ ಕೇಳಿರಲಿಲ್ಲ. ಕೆಂಡಗಣ್ಣ ಎದ್ದು ಬಂದು ಅವರ ಪಾದ ಮುಟ್ಟಿದ. ಇಬ್ಬರ ಕಣ್ಣಲ್ಲೂ ನೀರಿತ್ತು.

ಆಮೇಲೆ ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ತಿಳಿಯಬೇಡಿ. ಉಸ್ತಾದರು ಸೊಸೆಯ ಜೊತೆ ಎರಡು ದಿನ ಮಾತು ಬಿಟ್ಟರು. ಮುದ್ದೆಯನ್ನೂ ಮುರಿದು ಮುರಿದು ಒಳಗೆ ನೋಡಿ ತಿಂದರು. ಮೂರನೆಯ ದಿನ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ತುರಿದಿಟ್ಟದ್ದರಲ್ಲಿ ಸೋರೆಕಾಯಿ ಯಾವುದು ಎಂದು ಕೇಳಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಮುಖ ಸಿಂಡರಿಸಿ, ನುಂಗಿದರು.

"ಇನ್ಮೇಲೆ ತುರೀಬೇಡ" ಎಂದರು. "ಕಾಣೋ ಹಾಗೆ ಹೆಚ್ಚು. ಏನ್ ತಿಂತಿದೀನಿ ಅಂತ ನಂಗೂ ಗೊತ್ತಾಗ್ಲಿ."

ಕೆಂಡಗಣ್ಣ ಆ ವರ್ಷ ಜಿಲ್ಲೆಯ ಕುಸ್ತಿಗೆ ಹೋಗಲಿಲ್ಲ. ಆಪರೇಷನ್ ತಪ್ಪಿತು. ಮುಂದಿನ ವರ್ಷ ಹೋಗಿ ಎರಡನೆಯ ಸುತ್ತಿನಲ್ಲಿ ಸೋತ. ತೀರ್ಪುಗಾರರು ಇನ್ನೂ ಬಗ್ಗಿ ನೋಡುತ್ತಿರುವಾಗಲೇ ಅವನು ಎದ್ದು, ಮಣ್ಣು ತಲೆಗೆ ಹಾಕಿಕೊಂಡು, ಬಿದ್ದೆ ಎಂದ. ಜವರಮ್ಮನ ಬುಟ್ಟಿ ಈಗ ದಿನಾ ಬೆಳಗ್ಗೆ ಮೊದಲು ಇಳಿಯುವುದು ಉಸ್ತಾದರ ಜಗಲಿಯ ಮೇಲೆ. ಸೊಪ್ಪನ್ನು ಆರಿಸುವವರು ಅವರೇ. ತಿನ್ನುವಾಗ ಇವತ್ತಿಗೂ ಮುಖ ಸಿಂಡರಿಸುತ್ತಾರೆ, ಆದರೆ ಅಂಚಿಗೆ ಎತ್ತಿಡುವುದಿಲ್ಲ.

ನೀತಿ: ಬಚ್ಚಿಟ್ಟು ಮಾಡಿದ ಉಪಕಾರ ಒಬ್ಬರ ಹೊಟ್ಟೆಯನ್ನು ಸರಿಮಾಡಬಹುದು. ಆದರೆ ಅವರ ತಪ್ಪು ನಂಬಿಕೆಯೂ ಅದನ್ನೇ ತಿಂದು ಕೊಬ್ಬುತ್ತದೆ, ಅದಕ್ಕೆ ನರಳುವವರು ಬೇರೆಯವರಾಗಿರುತ್ತಾರೆ. ಒಳ್ಳೆಯದನ್ನು ಮಾಡಿದವರು ಅದನ್ನು ಹೇಳಿಯೂ ಬಿಡಬೇಕು. ತಮ್ಮದು ತಪ್ಪು ಎಂದು ತಿಳಿದವರು, ನೋಡುವವರು ಯಾರೂ ಇಲ್ಲದಿದ್ದರೂ, ತಾವಾಗಿಯೇ ಒಪ್ಪಿಕೊಳ್ಳಬೇಕು.